ಖಾಲಿ ಸಾಲಿಗೆ ಎಳೆದ ಗೆರೆ

ಸತ್ಯನಾರಾಯಣಪೇಟೆ, ಬಳ್ಳಾರಿ
ಗುರುವಾರ, ೨೦ ಫೆಬ್ರುವರಿ ೨೦೨೫

ಕುರುಗೋಡಿನ ಗೆಳೆಯ ಉಮಾಪತಿಗೆ ವಿಠ್ಠಲನ ನಮಸ್ಕಾರಗಳು.

ನಿನ್ನ ಪತ್ರ ಸೋಮವಾರ ಮಧ್ಯಾಹ್ನ ಕೈಸೇರಿತು. ನೀನು ಕೇಳಿದ ಕರಡನ್ನು ನಾನು ಬರೆದಿಲ್ಲ. ಏಕೆ ಬರೆಯಲಿಲ್ಲವೆಂಬುದನ್ನು ತಿಳಿಸಲು ಈ ಪತ್ರ. ದೂರವಾಣಿಯಲ್ಲಿ ಹೇಳಬಹುದಿತ್ತು, ಆದರೆ ಬಾಯಿಂದ ಹೇಳುವಾಗ ಮನುಷ್ಯ ತನಗೆ ಅನುಕೂಲವಾದ ಕಡೆ ಧ್ವನಿ ತಗ್ಗಿಸುತ್ತಾನೆ. ಕಾಗದಕ್ಕೆ ಆ ಸೌಕರ್ಯವಿಲ್ಲ.

ಭಾನುವಾರದ ಸಭೆಯಲ್ಲಿ ಇದನ್ನು ಎದ್ದುನಿಂತು ಪೂರ್ತಿಯಾಗಿ ಓದಬೇಕೆಂದು ನಿನ್ನಲ್ಲಿ ಪ್ರಾರ್ಥನೆ. ಆದ್ದರಿಂದ, ವಿಷಯ ತಿಳಿಯದ ಸದಸ್ಯರಿಗಾಗಿ, ನೀನು ನನಗೆ ಬರೆದದ್ದನ್ನು ನಿನ್ನ ಮಾತಿನಲ್ಲೇ ಎತ್ತಿ ಬರೆಯುತ್ತೇನೆ. "ಲೇ ವಿಠ್ಠಲ, ನಮ್ಮ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಉಚ್ಚಂಗೆಪ್ಪನ್ನ ಭಾನುವಾರ ತೆಗೀಬೇಕಂತ ಮಾಡೀವಿ. ಗಾಡಿ ನೋಂದಣಿ ಕಚೇರ್ಯಾಗ ನಮ್ಮ ಚೀಟಿಯಿಂದ ಬರತಿದ್ದ ದೇಣಿಗಿ ಜೂನಿನಿಂದ ನಿಂತು ಹೋಗಿತ್ತು. ಕೇಳಿದ್ರ, ಮೇಜಿನ ಮುಂದ ನಿದ್ದಿ ಹತ್ತಿತ್ತು, ತಪ್ಪು ನಂದಽ ಅಂತಾನ. ಈಗ ಒಂದು ತಿಂಗಳಿಂದ ಮತ್ತ ಬರಾಕ ಹತ್ತೈತಿ. ಹಂಗಾರ ಇಷ್ಟು ದಿನ ಎಲ್ಲಿ ಹೋತು? ಸಿಕ್ಕೊಂಡೇನು ಅಂತ ಅಂಜಿ ಈಗ ಕೊಡಾಕ ಹತ್ಯಾನ. ನಮ್ಮಲ್ಲಿ ಬಂದೂಕು ಹಿಡಿಯೋರು ಅದಾರ, ಪೆನ್ನು ಹಿಡಿಯೋರಿಲ್ಲ. ತೆಗೆದು ಹಾಕೋ ಠರಾವು ನೀ ಬರಕೊಡು. ನೀ ಬರದ್ರ ಒಂದಕ್ಷರ ಅಲ್ಲಾಡಂಗಿಲ್ಲ."

ಉಮಾಪತಿ, ಆ ಹಣ ಎಲ್ಲಿಗೂ ಹೋಗಲಿಲ್ಲ. ಅದು ಬರಲೇ ಇಲ್ಲ. ಬಾರದಂತೆ ಮಾಡಿದವನು ನಾನು.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕಳೆದ ಜೂನ್ ತಿಂಗಳಲ್ಲಿ ನನ್ನ ಸ್ಕೂಟರಿಗೆ ಹದಿನೈದು ವರ್ಷ ತುಂಬಿತು. ಹದಿನೈದು ತುಂಬಿದ ವಾಹನದ ನೋಂದಣಿಯನ್ನು ನವೀಕರಿಸಬೇಕು. ಕಂಪ್ಯೂಟರಿನಲ್ಲಿ ಎಲ್ಲ ತುಂಬಿದ ಮೇಲೂ ಕಾಗದದ ಅರ್ಜಿ ಬೇಕೇ ಬೇಕು. ನಾನು ಹೋದಾಗ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಜನ ಅರ್ಜಿ ಹಿಡಿದುಕೊಂಡು ಕಂಡಕಂಡವರನ್ನು ಬೇಡುತ್ತಿದ್ದರು. ಮೋಕದ ರೈತನೊಬ್ಬನ ಅರ್ಜಿಯಲ್ಲಿ ವಾಹನದ ಬಣ್ಣ ಎಂಬಲ್ಲಿ ತಂದೆಯ ಹೆಸರೂ, ತಂದೆಯ ಹೆಸರು ಎಂಬಲ್ಲಿ "ಕಡು ನೀಲಿ" ಎಂದೂ ಇತ್ತು. ನನಗೆ ತಡೆಯಲಾಗಲಿಲ್ಲ. ಅಲ್ಲೇ ನಿಂತು ಹೊಸದಾಗಿ ಬರೆದುಕೊಟ್ಟೆ. ಅವನ ಹಿಂದೆ ಇನ್ನೊಬ್ಬ ನಿಂತ, ಅವನ ಹಿಂದೆ ಮತ್ತೊಬ್ಬ.

ಮರುದಿನದಿಂದ ಮಡಚುವ ಕುರ್ಚಿ, ತೊಡೆಯ ಮೇಲಿಡುವ ಹಲಗೆ, ಎರಡು ಪೆನ್ನು ಮತ್ತು ಶಾಲೆಯಿಂದ ನನ್ನೊಡನೆ ನಿವೃತ್ತವಾದ ಮರದ ಅಳತೆಪಟ್ಟಿ ಹಿಡಿದುಕೊಂಡು ಹತ್ತರಿಂದ ಒಂದರವರೆಗೆ ಅಲ್ಲಿ ಕೂರತೊಡಗಿದೆ. ನನ್ನ ಹೆಂಡತಿ ವರದಾ ತಡೆಯಲಿಲ್ಲ. "ಮನೆಯೊಳಗ ಕೂತು ನನ್ನ ಕಿರಾಣಿ ಚೀಟಿ ತಿದ್ದೋದಕ್ಕಿಂತ ಅಲ್ಲಿ ಕೂತು ಊರವರ ಅರ್ಜಿ ತಿದ್ರಿ, ನನಗೂ ಪುಣ್ಯ ಬರ್ತದ" ಎಂದಳು. ನಾನು ಯಾರಿಂದಲೂ ಒಂದು ಕಾಸನ್ನೂ ಪಡೆಯಲಿಲ್ಲ. ಆಷಾಢದ ಹೊತ್ತಿಗೆ ನವೀಕರಣಕ್ಕೆ ಬರುವವರೆಲ್ಲ ನನ್ನ ಮುಂದೆಯೇ ಸಾಲುಗಟ್ಟಿದರು. ಒಳಗಿನ ಗುಮಾಸ್ತ ತಿಪ್ಪೇಸ್ವಾಮಿ ಒಮ್ಮೆ ಹೊರಗೆ ಬಂದು, "ಮಾಸ್ತರ, ನಿಮ್ಮ ಕೈಯಾಗಿನ ಅರ್ಜಿ ಒಂದೂ ವಾಪಸ್ ಹೋಗವಲ್ದು ನೋಡ್ರಿ" ಎಂದಾಗ ನನಗಾದ ಹಿಗ್ಗನ್ನು ನಾನು ಬಚ್ಚಿಡಲಿಲ್ಲ.

ಇನ್ನು ಆ ಚೀಟಿ. ಕಚೇರಿಯ ಅನುಮತಿ ಪಡೆದು ನಿಮ್ಮ ಸಂಘ ಪ್ರತಿ ನವೀಕರಣದ ಅರ್ಜಿಗೂ ಎರಡು ಸಾಲಿನ ಚೀಟಿಯೊಂದನ್ನು ಲಗತ್ತಿಸಿತ್ತು. ನಿವೃತ್ತ ಸೈನಿಕರ ಹಾಗೂ ಅವರ ಕುಟುಂಬದವರ ನೆರವಿಗಾಗಿ ನಾನು ಮನಃಪೂರ್ವಕವಾಗಿ ಇಷ್ಟು ರೂಪಾಯಿ ಕೊಡುತ್ತೇನೆ ಎಂದು ಅದರ ಒಕ್ಕಣೆ; ಮೊತ್ತ ಬರೆಯಲು ಖಾಲಿ ಜಾಗ. ಬರೆದವರು ಬಾಗಿಲ ಬಳಿ ಮೇಜು ಹಾಕಿಕೊಂಡು ಕುಳಿತ ಉಚ್ಚಂಗೆಪ್ಪನ ಕೈಗೆ ಹಣ ಕೊಟ್ಟು ರಸೀದಿ ಪಡೆಯಬೇಕು. ಕೊಡಲೇಬೇಕೆಂಬ ನಿರ್ಬಂಧ ಯಾರಿಗೂ ಇಲ್ಲ.

ನನಗೊಂದು ಅಭ್ಯಾಸವಿದೆ, ನಿನಗೂ ಗೊತ್ತು. ಮೂವತ್ತಾರು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ ಇದು. ಎಲ್ಲಿ ಖಾಲಿ ಜಾಗ ಕಂಡರೂ, ಆಮೇಲೆ ಯಾರೂ ಅಲ್ಲಿ ಏನನ್ನೂ ಸೇರಿಸದಿರಲೆಂದು, ಅಳತೆಪಟ್ಟಿ ಇಟ್ಟು ಗೆರೆ ಎಳೆದುಬಿಡುತ್ತದೆ. ಏಳನೆಯ ತರಗತಿಯ ಪರೀಕ್ಷೆಯಲ್ಲಿ ನೀನು ಎರಡು ಪುಟ ಖಾಲಿ ಬಿಟ್ಟು, ಪತ್ರಿಕೆಗಳ ಕಟ್ಟು ಹೊರುವ ನೆಪದಲ್ಲಿ ಮಾಸ್ತರರ ಮನೆಗೆ ಹೋಗಿ ಅವನ್ನು ತುಂಬಿಬಂದೆಯಲ್ಲ, ಈ ವಿದ್ಯೆಗೆ ಮೂಲಗುರು ನೀನೇ. (ಈ ವಾಕ್ಯವನ್ನು ಸಭೆಯಲ್ಲಿ ಓದದಿದ್ದರೂ ನಡೆದೀತು.)

ಆ ಚೀಟಿಯ ಖಾಲಿ ಜಾಗಕ್ಕೂ ನಾನು ಗೆರೆ ಹೊಡೆದೆ. ಮೊದಲ ಗೆರೆ ನನ್ನ ಸ್ವಂತ ಸ್ಕೂಟರಿನ ಚೀಟಿಗೆ. ಆಮೇಲೆ ಎದುರಿಗೆ ಬಂದ ಪ್ರತಿಯೊಬ್ಬರ ಚೀಟಿಗೆ, ಅವರನ್ನು ಒಂದು ಮಾತೂ ಕೇಳದೆ. ಅದಕ್ಕೆ ನಾನು ಕಟ್ಟಿಕೊಂಡಿದ್ದ ಸಮರ್ಥನೆಯನ್ನೂ ಹೇಳುತ್ತೇನೆ. ಮನಸ್ಸಿದ್ದವನು ತಾನಾಗಿಯೇ ಬಾಯಿಬಿಟ್ಟು ಹೇಳುತ್ತಾನೆ. ಅವನ ಕೆಲಸ ನನ್ನ ಪೆನ್ನಿನ ತುದಿಯಲ್ಲಿರುವಾಗ ದಾನದ ಮಾತೆತ್ತಿದರೆ ಅದು ಒತ್ತಾಯವಾಗುತ್ತದೆ. ಬಡವರನ್ನು ನಾನು ಆ ಮುಜುಗರದಿಂದ ಪಾರುಮಾಡುತ್ತಿದ್ದೇನೆ. ಎಷ್ಟು ಅಚ್ಚುಕಟ್ಟಾದ ತರ್ಕ ನೋಡು. ಓದು ಬಾರದವನಿಗೆ ಅಲ್ಲೊಂದು ಸಾಲಿದೆಯೆಂಬುದೇ ತಿಳಿಯದು, ತಿಳಿಯದ್ದಕ್ಕೆ ಅವನು ಬಾಯಿಬಿಡುವುದಾದರೂ ಹೇಗೆ ಎಂಬುದು ಏಳು ತಿಂಗಳು ನನಗೆ ಹೊಳೆಯಲಿಲ್ಲ.

ಆ ಏಳು ತಿಂಗಳಲ್ಲಿ ಏನಾಯಿತೆಂಬುದು ನಿನಗೇ ಗೊತ್ತಿದೆ. ಸಿರುಗುಪ್ಪದಿಂದ ಹೊರಟು ಕುರುಗೋಡಿನಲ್ಲಿ ನಿಮ್ಮನ್ನೆಲ್ಲ ಹತ್ತಿಸಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಬರುತ್ತಿದ್ದ ಸಂಘದ ವ್ಯಾನಿಗೆ ದಸರೆಯ ಹೊತ್ತಿಗೆ ಡೀಸೆಲ್ಲಿಗೆ ತತ್ವಾರವಾಯಿತು. ಸಂಕ್ರಾಂತಿಗೆ ವ್ಯಾನಿಗೂ ಹದಿನೈದು ವರ್ಷ ತುಂಬಿತು. ಟೈರು ಸವೆದದ್ದರಿಂದ ಪರಿಶೀಲನೆಯಲ್ಲಿ ಅದು ತೇರ್ಗಡೆಯಾಗಲಿಲ್ಲ. ರಾರಾವಿಯ ಚನ್ನಬಸಮ್ಮ, ಗಂಡನನ್ನು ಗಡಿಯಲ್ಲಿ ಕಳೆದುಕೊಂಡವರು, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಎರಡು ಬಸ್ಸು ಬದಲಿಸಿ ಬರಬೇಕಾಯಿತು. ಇವೆಲ್ಲವೂ ನಡೆಯುತ್ತಿದ್ದಾಗ ನಾನು ಆ ಮೇಜಿನಿಂದ ಇಪ್ಪತ್ತು ಹೆಜ್ಜೆಯ ದೂರದಲ್ಲಿ ಕುಳಿತು ನೇರವಾದ ಗೆರೆಗಳನ್ನು ಎಳೆಯುತ್ತಿದ್ದೆ.

ಉಚ್ಚಂಗೆಪ್ಪ ನನಗೆ ಹೊಸಬನಲ್ಲ. ಸಿರುಗುಪ್ಪದ ಪ್ರೌಢಶಾಲೆಯಲ್ಲಿ ನಾನಿದ್ದಾಗ ಅವನ ಮಗಳು ಜ್ಯೋತಿ ನನ್ನ ವಿದ್ಯಾರ್ಥಿನಿ. ಆದರೆ ಅವನೊಡನೆ ನಮಸ್ಕಾರಕ್ಕೆ ಮೀರಿದ ಮಾತುಕತೆ ಇರಲಿಲ್ಲ. ದಿನವೂ ರಾರಾವಿಯಿಂದ ಬಸ್ಸು ಹಿಡಿದು, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು, ರೊಟ್ಟಿಯ ಗಂಟನ್ನು ಮೇಜಿನ ಖಾನೆಯಲ್ಲಿಟ್ಟು, ಬೆನ್ನು ಕುರ್ಚಿಗೆ ತಾಗದಂತೆ ಕೂರುತ್ತಿದ್ದ. ಅವನು ತೂಕಡಿಸಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಇದನ್ನು ಸಭೆಗೆ ಎರಡು ಬಾರಿ ಓದು.

ಜನವರಿ ಇಪ್ಪತ್ತರಂದು, ಸೋಮವಾರ, ಅವನು ನನ್ನ ಸಾಲಿನಲ್ಲಿ ಬಂದು ನಿಂತ. ಮುಂದಿದ್ದ ಆರು ಜನರನ್ನು ದಾಟಿ ಬರಲಿಲ್ಲ. ಫಿರಂಗಿಯ ಸದ್ದಿಗೆ ಅವನ ಎಡಗಿವಿ ಹೋಗಿದೆಯಲ್ಲವೆ, ನನ್ನ ಮಾತು ಕೇಳಲೆಂದು ಬಲಗಿವಿ ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತ. "ನಮ್ಮ ವ್ಯಾನಿಂದು ಅರ್ಜಿ ಮತ್ತ ಹೊಸದಾಗಿ ಹಾಕಬೇಕ್ರಿ ಸರ್, ಬರಕೊಡ್ರಿ" ಎಂದ. ಬರೆದೆ. ಕೊನೆಗೆ ಚೀಟಿ ಬಂತು. ಅಳತೆಪಟ್ಟಿ ಇಟ್ಟೆ. ಅವನು ಮೆಲ್ಲನೆ ತನ್ನ ಬೆರಳನ್ನು ಚೀಟಿಯ ಮೇಲಿಟ್ಟ.

"ಇದೇನೈತಿ ಓದ್ರಿ ಸರ್, ಕನ್ನಡಕ ಮರ್ತು ಬಂದೀನಿ" ಎಂದ. ಕನ್ನಡಕ ಅವನ ಜೇಬಿನಲ್ಲಿ ಕಾಣುತ್ತಿತ್ತು.

ಓದಿದೆ. ಏಳು ತಿಂಗಳಲ್ಲಿ ಆ ಎರಡು ಸಾಲನ್ನು ನಾನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಅವನು ಬೆರಳು ತೆಗೆಯಲಿಲ್ಲ, ನನ್ನನ್ನು ನೋಡಲೂ ಇಲ್ಲ. "ಹತ್ತು ರೂಪಾಯಿ ಬರೀರಿ" ಎಂದ. ವ್ಯಾನು ಸಂಘದ್ದು, ದೇಣಿಗೆಯೂ ಸಂಘಕ್ಕೆ, ಇದೆಂಥ ಲೆಕ್ಕವಪ್ಪಾ ಎಂದೆ. "ಅದೂ ಹದಿನೈದು ವರ್ಷ ದುಡದು ರಿಟೈರ್ ಆಗೈತಿ ಸರ್, ತನ್ನ ಜೊತೆಗಾರ್ರಿಗೆ ಏನರ ಕೊಡ್ಲಿ ಬಿಡ್ರಿ" ಎಂದು ಜೇಬಿನಿಂದ ತನ್ನದೇ ಹತ್ತರ ನೋಟು ತೆಗೆದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವನಿಗೆ ಎಲ್ಲವೂ ಗೊತ್ತಿದೆಯೆಂದು ಆ ಕ್ಷಣ ತಿಳಿಯಿತು.

ಅವನ ಹಿಂದೆ ಕೊಳಗಲ್ಲಿನ ತಿಪ್ಪೇಶ ತನ್ನ ಹಳೆಯ ಟ್ರ್ಯಾಕ್ಟರಿನ ಕಾಗದ ಹಿಡಿದು ನಿಂತಿದ್ದ. ಅವನಿಗೆ ಚೀಟಿ ಓದಿ ಹೇಳಿದೆ. "ಅಲ್ರೀ ಮಾಸ್ತರ, ಹೋದ ತಿಂಗಳು ನಮ್ಮಣ್ಣನ ಗಾಡಿಗೂ ನೀವಽ ಬರದ್ರಿ, ಆವಾಗ ಯಾಕ ಓದಲಿಲ್ಲ? ನಮ್ಮ ಮಾವ ಮಿಲ್ಟ್ರಿಯಾಗ ಇದ್ದ. ಅಣ್ಣಂದೂ ನಂದೂ ಕೂಡ್ಸಿ ಬರ್ಕೋರಿ" ಎಂದು ಎಲ್ಲರೆದುರು ನನ್ನನ್ನೇ ತರಾಟೆಗೆ ತೆಗೆದುಕೊಂಡ. ಅವನ ನಂತರ ಬಂದ ದರ್ಜಿಯೊಬ್ಬ, "ಈ ಸಲ ಆಗಂಗಿಲ್ರೀ, ಮಗಳ ಮದಿವಿ ಐತಿ" ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿದ. ಅವನ ಚೀಟಿಗೆ ಗೆರೆ ಹೊಡೆದೆ. ಅವನು ಕುಗ್ಗಲಿಲ್ಲ, ನಾನೂ ಒತ್ತಾಯಿಸಿದಂತಾಗಲಿಲ್ಲ. ನನ್ನ ತರ್ಕ ಅರ್ಧ ಗಂಟೆಯೊಳಗೆ ಕುಸಿದುಬಿತ್ತು. ಅಂದಿನಿಂದ ನನ್ನ ಪದ್ಧತಿ ಇಷ್ಟೇ: ಎಂಜಿನ್ ಸಂಖ್ಯೆಯನ್ನು ಓದುವ ಧ್ವನಿಯಲ್ಲೇ ಚೀಟಿಯನ್ನೂ ಓದುವುದು, ಮನಸ್ಸಿನಲ್ಲಿ ಐದು ಎಣಿಸುವುದು, ಆಮೇಲೆ ಅಂಕಿ ಅಥವಾ ಗೆರೆ. ಒಂದು ತಿಂಗಳಿಂದ ದೇಣಿಗೆ ಮತ್ತೆ ಬರತೊಡಗಿದ್ದು ಇದರಿಂದ. ನಾನು ತಪ್ಪು ತಿದ್ದಿಕೊಂಡದ್ದೇ ನಿಮ್ಮ ಕಣ್ಣಿಗೆ ಅವನ ಕಳ್ಳತನದ ಸಾಕ್ಷಿಯಾಗಿ ಕಂಡಿತು.

ಅಂದು ಒಂದು ಗಂಟೆಗೆ ಸಾಲು ಕರಗಿದ ಮೇಲೆ ನಾನೇ ಅವನ ಮೇಜಿನ ಬಳಿಗೆ ಹೋದೆ. ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ದೀಪಾವಳಿಯಿಂದ ಎಂದ. ಗುಮಾಸ್ತ ತಿಪ್ಪೇಸ್ವಾಮಿ ಕೊಟ್ಟ ಚೀಟಿಗಳ ಕಟ್ಟನ್ನು ಬಿಚ್ಚಿ ನೋಡಿದಾಗ ಎಲ್ಲದರ ಮೇಲೂ ಒಂದೇ ಬಗೆಯ ಗೆರೆ, ತುದಿಯಲ್ಲಿ ಒಂದು ಸಣ್ಣ ಕೊಂಡಿ. ಆ ಕೊಂಡಿಯನ್ನು ಅವನು ಎಲ್ಲಿ ನೋಡಿದ್ದನೆಂದು ಊಹಿಸಬಲ್ಲೆಯಾ? ಅವನು ಉತ್ತರದ ಗಡಿಯಲ್ಲಿದ್ದಾಗ ಜ್ಯೋತಿ ಅಪ್ಪನಿಗೆ ಕಾಗದ ಬರೆಯಲು ಬೇಸರಪಟ್ಟು, ಮುಗಿದ ಕನ್ನಡ ನೋಟುಪುಸ್ತಕಗಳನ್ನೇ ಅಂಚೆಯಲ್ಲಿ ಕಳಿಸುತ್ತಿದ್ದಳಂತೆ. "ಅಲ್ಲಿ ಓದಾಕ ಕನ್ನಡದಾಗ ಬ್ಯಾರೆ ಏನೂ ಇರತಿದ್ದಿಲ್ರಿ ಸರ್. ನನ್ನ ಮಗಳು ಬರದದ್ದು, ನೀವು ತಿದ್ದಿದ್ದು, ಕೊನಿಗೆ ನೀವು ಎಳದ ಗೆರಿ, ಎಲ್ಲಾ ಬಾಯಿಪಾಠ ಆಗಿತ್ತು. ನಮ್ಮ ಮಾಸ್ತರ ಒಂದು ಜಾಗಾನೂ ಸುಮ್ನ ಬಿಡಂಗಿಲ್ಲ ನೋಡ್ರಿ ಅಂತ ಪಂಜಾಬದ ಹುಡುಗ್ರಿಗೂ ತೋರಸತಿದ್ದೆ" ಎಂದ.

ಮತ್ತೆ ಅಂದೇ ಬಂದು ಏಕೆ ಹೇಳಲಿಲ್ಲ ಎಂದೆ. "ನಿಮ್ಮ ಮುಂದ ಮಂದಿ ಪಾಳಿ ಹಚ್ಚಿರತಾರ. ಮಾಸ್ತರ ತಪ್ಪು ಮಾಡ್ಯಾರ ಅಂತ ಅವರ ಎದುರಿಗೆ ಹೆಂಗ ಅನ್ಲಿ? ನೀವಽ ಒಂದಿನ ನೋಡತೀರಿ ಅಂತ ಕಾದೆ. ವ್ಯಾನು ನಿಂತ ಮ್ಯಾಲೆ ಕಾಯಾಕ ಆಗಲಿಲ್ಲ" ಎಂದ. ಆಮೇಲೆ, ಇದು ನಮ್ಮಿಬ್ಬರಲ್ಲೇ ಇರಲೆಂದು ನನ್ನಿಂದ ಮಾತು ತೆಗೆದುಕೊಂಡ. ನಾನು ಕೊಟ್ಟೆ. ಕೊಡುವಾಗ ನನಗೆ ಹಗುರವೆನಿಸಿತೆಂಬುದನ್ನೂ ಬರೆಯಲೇಬೇಕು. ಸಭೆಯಲ್ಲಿ ಅವನು ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡಿದ್ದಾನೆಂಬುದು ನಿನ್ನ ಪತ್ರ ಬರುವವರೆಗೆ ನನಗೆ ತಿಳಿದಿರಲಿಲ್ಲ.

ನಿನ್ನೆ, ಬುಧವಾರ, ಅವನು ಮತ್ತೆ ನನ್ನ ಸಾಲಿನಲ್ಲಿ ನಿಂತ. ಕೈಯಲ್ಲಿ ಯಾವ ವಾಹನದ ಕಾಗದವೂ ಇರಲಿಲ್ಲ, ಒಂದು ಬಿಳಿಯ ಹಾಳೆಯಿತ್ತು. "ರಾಜೀನಾಮಿ ಬರಕೊಡ್ರಿ ಸರ್. ಅವರು ತೆಗಿಯೋದರಾಗ ನಾನಽ ಬಿಟ್ಟೆ ಅಂದ್ರ ಜ್ಯೋತಿಗೆ ಅತ್ತಿಮನ್ಯಾಗ ಮಾತು ಬರಂಗಿಲ್ಲ. ನಿಮ್ಮ ಕೈಲೆ ಬರದ್ರ ಒಂದೂ ತಪ್ಪಿರಂಗಿಲ್ಲ" ಎಂದ. ನೀನು ಕೇಳಿದ್ದೂ ಅವನು ಕೇಳಿದ್ದೂ ಒಂದೇ ಕೈಯನ್ನು, ಒಂದೇ ಕಾರಣಕ್ಕೆ.

ಕಾರಣ ಏನೆಂದು ಬರೆಯಲಿ ಎಂದೆ. ಅವನು ನೆಟ್ಟಗೆ ಎದ್ದುನಿಂತ. ಕೈಗಳು ತಾವಾಗಿಯೇ ಪಕ್ಕಕ್ಕೆ ಇಳಿದವು. "ಕರ್ತವ್ಯದ ಮ್ಯಾಲೆ ಇದ್ದಾಗ ನಿದ್ದಿ ಮಾಡಿದೆ ಅಂತ ಬರೀರಿ" ಎಂದ.

ಉಮಾಪತಿ, ಪಹರೆಯ ಸಿಪಾಯಿ ಆ ಮಾತನ್ನು ತನ್ನ ಬಾಯಿಂದ ಹೇಳುವುದೆಂದರೆ ಏನೆಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಇಪ್ಪತ್ತೆರಡು ವರ್ಷ ಹಿಮದಲ್ಲೂ ಮರಳಿನಲ್ಲೂ ಕಣ್ಣು ಮುಚ್ಚದೆ ನಿಂತವನು, ಒಬ್ಬ ಮುದಿ ಮೇಷ್ಟರ ಹೆಸರಿಗೆ ಮಸಿ ಹತ್ತಬಾರದೆಂದು ಅದನ್ನು ಬರೆಸಲು ಬಂದಿದ್ದ. ನಾನು ಪೆನ್ನು ಮುಚ್ಚಿ, ಮಸಿ ಮುಗಿದಿದೆ, ಶುಕ್ರವಾರ ಬಾ ಎಂದೆ. ಮಸಿ ತುಂಬಿತ್ತು. "ಆತ್ರಿ ಸರ್" ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು ತನ್ನ ಮೇಜಿಗೆ ಹೋಗಿ ಬೆನ್ನು ನೆಟ್ಟಗೆ ಮಾಡಿ ಕುಳಿತ. ಮಾಡುವ ಕೆಲಸ ಇನ್ನೂ ನಾಲ್ಕು ದಿನ ಅವನದೇ ಇತ್ತಲ್ಲ.

ಮನೆಗೆ ಬಂದು ವರದಾಳಿಗೆ ಎಲ್ಲವನ್ನೂ ಹೇಳಿದೆ. ಅವಳು, "ನಾನು ಮಾತಾಡೋವಾಗ ಉಸಿರು ತಗೊಂಡ್ರ ಅಲ್ಲೂ ಒಂದು ಗೆರೆ ಎಳೀತೀರಿ ನೀವು. ಉಚ್ಚಂಗೆಪ್ಪನವರು ಮನುಷ್ಯರು, ಕಾಯ್ತಾರ" ಎಂದಳು. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಅವಳ ಮಾತಿಗೆ ನಾನು ತಿದ್ದುಪಡಿ ಸೂಚಿಸದೆ ಇದ್ದದ್ದು ಬಹುಶಃ ನಿನ್ನೆಯೇ.

ಅವನಿಗೆ ಕೊಟ್ಟ ಮಾತನ್ನು ಈ ಪತ್ರದಿಂದ ಮುರಿಯುತ್ತಿದ್ದೇನೆ. ಅವನು ನನ್ನ ಮೇಲೆ ಸಿಟ್ಟಾಗಲಿ. ಭಾನುವಾರ ಮೊದಲ ಬಸ್ಸಿಗೆ ನಾನು ಕುರುಗೋಡಿಗೆ ಬರುತ್ತೇನೆ. ನೀನು ಓದುವಾಗ ಎಲ್ಲರ ಕಣ್ಣೆದುರು ನಿಂತಿರುತ್ತೇನೆ, ಕೂರಲು ಹೇಳಬೇಡ. ಸದಸ್ಯರು ನನಗೆ ಏನು ಹೇಳಬೇಕೆಂದಿದ್ದಾರೋ ಹೇಳಲಿ. ಉಚ್ಚಂಗೆಪ್ಪನಿಗೆ ಹೇಳುವುದನ್ನು ಮಾತ್ರ ಅವನ ಬಲಗಡೆಗೆ ಹೋಗಿ ಹೇಳಲಿ. ಬೈಗುಳಕ್ಕೆ ಅವನು ಎಡಗಿವಿ ಕೊಟ್ಟು ಕೂರುತ್ತಿದ್ದನಂತೆ, ಒಳ್ಳೆಯ ಮಾತು ಆ ಕಡೆ ವ್ಯರ್ಥವಾಗಬಾರದು. ವ್ಯಾನಿಗೆ ಹೊಸ ಟೈರು ಬಂದಿವೆ, ಸೋಮವಾರ ಮತ್ತೆ ಪರಿಶೀಲನೆ. ಅಂದು ಕಾಗದ ಹಿಡಿದು ನಿಲ್ಲಬೇಕಾದವನು ಸಂಘದ ಕಾರ್ಯದರ್ಶಿ. ಆ ಜಾಗ ಖಾಲಿಯಾಗದಂತೆ ನೋಡಿಕೊಳ್ಳುವುದು ನಿನ್ನ ಕೈಯಲ್ಲಿದೆ.

ಅಂಚೆಯನ್ನು ನಂಬಿ ಕೂರದೆ ಈ ಲಕೋಟೆಯನ್ನು ಕುರುಗೋಡು ಬಸ್ಸಿನ ಕಂಡಕ್ಟರ್ ಹುಲುಗೇಶನ ಕೈಗೆ ಕೊಡುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿ. ಇಂದು ಸಂಜೆಯೊಳಗೆ ನಿನ್ನ ಮನೆಗೆ ತಲುಪಿಸುತ್ತಾನೆ.

ನಿನ್ನ ಬಾಲ್ಯದ ಗೆಳೆಯ, ನಿಮ್ಮ ಸಂಘದ ಅಪರಾಧಿ,
ವಿಠ್ಠಲ

ತಾ.ಕ.: ಕರಡನ್ನು ಬರೆದಿಲ್ಲವೆಂದು ಮೇಲೆ ಮೊದಲಲ್ಲೇ ಹೇಳಿದ್ದೇನೆ. ಅದು ಸುಳ್ಳು. ನಿನ್ನ ಪತ್ರ ಬಂದ ಸೋಮವಾರ ಸಂಜೆಯೇ ಬರೆದೆ, ಎಲ್ಲ ತಿಳಿದೂ ಬರೆದೆ. ಎರಡು ಪುಟ. ಮುಗಿಸಿದ ಮೇಲೆ ಎರಡು ಸಲ ಓದಿ ಮೆಚ್ಚಿಕೊಂಡೆ ಕೂಡ. ನಿನ್ನೆ ಉಚ್ಚಂಗೆಪ್ಪ ನನ್ನೆದುರು ಎದ್ದುನಿಂತಾಗ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಹರಿದು ಎಸೆಯಬಹುದಿತ್ತು, ಎಸೆದಿದ್ದರೆ ಮೇಲಿನ ಸುಳ್ಳು ನಿಜವಾಗಿ ಉಳಿದುಬಿಡುತ್ತಿತ್ತು. ಆದ್ದರಿಂದ ಇದರೊಡನೆ ಇಟ್ಟಿದ್ದೇನೆ. ಎರಡು ಪುಟಕ್ಕೂ ಮೂಲೆಯಿಂದ ಮೂಲೆಗೆ ಗೆರೆ ಹೊಡೆದಿದ್ದೇನೆ, ಅಳತೆಪಟ್ಟಿ ಇಲ್ಲದೆ. ಗೆರೆ ಸೊಟ್ಟಗಿದೆ. ಅದನ್ನೂ ಸಭೆಗೆ ತೋರಿಸು.